ಅಕ್ಕನನ್ನು ಕರೆತರಲು ಕೊಂಡ ಗಾಡಿ

ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ಮಿನಿ ಬಸ್ಸಿನಷ್ಟು ಉದ್ದದ ಡೀಸೆಲ್ ಗಾಡಿಯನ್ನು ಓಡಿಸಲು ಕಲಿತೆ, ಅದರ ಇಂಜಿನ್ನಿಗೆ ಕೈ ಹಾಕಲೂ ಕಲಿತೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬ್ಯಾಡಗಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ವಿಜ್ಞಾನ ಕಲಿಸಿದವಳು ನಾನು. ಕಲಿಯುವುದು ಕಷ್ಟದ ಕೆಲಸವಲ್ಲ, ನನಗೆ ಬರುವುದಿಲ್ಲ ಎಂದು ಮೊದಲೇ ಕೈ ಕಟ್ಟಿ ಕೂರುವವರಿಗೆ ಮಾತ್ರ ಅದು ಕಷ್ಟ ಎಂದು ಮಕ್ಕಳನ್ನು ಬೈದೇ ಬೈದಿದ್ದೇನೆ. ನಿವೃತ್ತಿಯಾದ ಮೇಲೆ ಅದೇ ಬೈಗುಳವನ್ನು ನನಗೆ ನಾನೇ ಬೈದುಕೊಳ್ಳಬೇಕಾಯಿತು.

ಗಾಡಿ ಕೊಂಡದ್ದು ಅಕ್ಕನಿಗಾಗಿ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಹಾವೇರಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಅವಳಿಗೆ ಹುಬ್ಬಳ್ಳಿಯಲ್ಲಿ ಕರುಳಿನ ಆಪರೇಷನ್ ಆಗಿತ್ತು. ಗಡ್ಡೆ ಹೋಯಿತು, ಅಕ್ಕ ಉಳಿದಳು. ಆದರೆ ಮಲ ಹೊರಗೆ ಬರಲು ಹೊಟ್ಟೆಯ ಎಡಗಡೆ ಸಣ್ಣದೊಂದು ದಾರಿ ಮಾಡಿ, ಅದರ ಮೇಲೆ ಚೀಲ ಅಂಟಿಸಿ ಮನೆಗೆ ಕಳಿಸಿದರು. ಚೀಲ ತುಂಬಿದಾಗ ಖಾಲಿ ಮಾಡಬೇಕು, ಮೂರ್ನಾಲ್ಕು ದಿನಕ್ಕೊಮ್ಮೆ ಹೊಸದು ಅಂಟಿಸಬೇಕು, ಅಷ್ಟೇ ಎಂದರು ಡಾಕ್ಟರು. ಅಷ್ಟೇ ಅಲ್ಲವಾ ಎಂದು ನಾನೂ ಅಂದೆ. ಅಕ್ಕ ಮಾತ್ರ ಆವತ್ತಿನಿಂದ ಎರಡು ವರ್ಷ ಮನೆಯ ಹೊಸ್ತಿಲು ದಾಟಲಿಲ್ಲ.

ಹಿಂದೆ ಅವಳು ಹೀಗಿರಲಿಲ್ಲ. ಹಾವೇರಿಯಲ್ಲಿ ಬಸ್ಸು ಹತ್ತಿ ಬ್ಯಾಡಗಿಯಲ್ಲಿ ಇಳಿಯುವಷ್ಟರಲ್ಲಿ, ಪಕ್ಕದ ಸೀಟಿನವಳ ಸೊಸೆಯ ಬಾಣಂತನದವರೆಗೂ ವಿಚಾರಿಸಿಕೊಂಡು ಬರುತ್ತಿದ್ದಳು. ಯಾರದೇ ಮದುವೆಯಿರಲಿ, ಅಡಿಗೆಯವರ ಹತ್ತಿರ ಹೋಗಿ ನಿಂತು ಸಾರಿಗೆ ಉಪ್ಪು ಸಾಲದು ಎನ್ನುತ್ತಿದ್ದಳು. ಅಂಥವಳು ಒಳಗಿನ ಕೋಣೆಯಲ್ಲಿ ಟಿವಿಯ ಮುಂದೆ ಕುಳಿತುಬಿಟ್ಟಳು. ನಮ್ಮ ಮನೆಗೆ ಬಾ ಎಂದರೆ ಮಾತು ತೇಲಿಸುತ್ತಿದ್ದಳು. ಒಂದು ದಿನ ನನಗೆ ರೇಗಿಹೋಗಿ, ಕಾರಣ ಹೇಳಿದ ಹೊರತು ಏಳುವುದಿಲ್ಲ ಎಂದು ಅವಳ ಮಂಚದ ಮೇಲೆಯೇ ಕುಳಿತೆ.

"ದಾರ್ಯಾಗ ಚೀಲ ಬಿಚ್ಚಿದ್ರ ಎಲ್ಲಿ ಹೋಗ್ಲಿ?" ಎಂದಳು. "ನನಗ ಒಂದು ಬಾಗಲಾ ಬೇಕು, ನೀರ ಬೇಕು, ಹೊರಗಿನಿಂದ ಯಾರೂ ಬಡೀಬಾರದು. ಹಾವೇರಿಂದ ಬ್ಯಾಡಗಿ ಮಟಾ ಅಂಥಾ ಜಾಗಾ ಎಲ್ಲೈತಿ, ತೋರಸು."

ನಾನು ಮನಸ್ಸಿನಲ್ಲೇ ಆ ದಾರಿ ಹಿಡಿದು ಬಂದೆ. ಹೆದ್ದಾರಿಯ ಹೋಟೆಲುಗಳು, ಪೆಟ್ರೋಲ್ ಬಂಕುಗಳು, ಮೋಟೆಬೆನ್ನೂರಿನ ಕ್ರಾಸು. ಬಾಗಿಲಿದ್ದಲ್ಲಿ ಚಿಲಕವಿಲ್ಲ, ಚಿಲಕವಿದ್ದಲ್ಲಿ ನೀರಿಲ್ಲ, ಎರಡೂ ಇದ್ದಲ್ಲಿ ಹೊರಗೆ ಐದು ಮಂದಿ ನಿಂತಿರುತ್ತಾರೆ. ಅಕ್ಕ ಹೇಳಿದ್ದು ಸುಳ್ಳಲ್ಲ. ಒಂದು ತಾಸಿನ ದಾರಿ ಅವಳಿಗೆ ದಾಟಲಾಗದ ದಾರಿಯಾಗಿತ್ತು. ಹಾಗಿದ್ದರೆ ಆ ಜಾಗವನ್ನೇ ಅವಳ ಮನೆ ಬಾಗಿಲಿಗೆ ತರುತ್ತೇನೆ ಎಂದು ನಾನು ಆವತ್ತೇ ನಿರ್ಧರಿಸಿದೆ. ಅಕ್ಕ ನನ್ನ ಮನೆಗೆ ಬಂದು ನನ್ನ ಅಡಿಗೆಮನೆಯಲ್ಲಿ ಕುಳಿತು ಒಂದು ಊಟ ಮಾಡಬೇಕು. ಅದಕ್ಕಿಂತ ಹೆಚ್ಚಿನ ಆಸೆ ನನಗಿರಲಿಲ್ಲ.

ಹುಬ್ಬಳ್ಳಿಯಲ್ಲಿ ಒಬ್ಬ ನಿವೃತ್ತ ಇಂಜಿನಿಯರು ಹಳೆಯ ಡೀಸೆಲ್ ವ್ಯಾನೊಂದನ್ನು ಮನೆಯ ಹಾಗೆ ಮಾಡಿಸಿಕೊಂಡು ಹೆಂಡತಿಯ ಜೊತೆ ಊರೂರು ತಿರುಗಿದ್ದರು. ಈಗ ಮಂಡಿ ನೋವು, ಮಾರುತ್ತಾರೆ ಎಂದು ತಿಳಿಯಿತು. ಹೋಗಿ ನೋಡಿದೆ. ಮಂಚ, ಒಲೆ, ತೊಳೆಯುವ ಬೋಗುಣಿ, ತಲೆಯ ಮೇಲೆ ಸೋಲಾರ್, ಹಿಂದಿನ ಮೂಲೆಯಲ್ಲಿ ಚಿಲಕವಿರುವ ಪುಟ್ಟ ಶೌಚದ ಕೋಣೆ. ಆ ಚಿಲಕವನ್ನು ನಾಲ್ಕು ಸಲ ಹಾಕಿ ತೆಗೆದೆ. ಇಂಜಿನ್ ನೋಡುವುದಿಲ್ಲವೇ ಎಂದು ಅವರು ಕೇಳಿದಾಗಲೇ ನನಗೆ ಇಂಜಿನ್ನಿನ ನೆನಪಾದದ್ದು.

ನಮ್ಮ ಮನೆಯವರು ಮೆಣಸಿನಕಾಯಿಯ ದಲಾಲಿ ಅಂಗಡಿಯವರು. ಯಾವುದಕ್ಕೂ ಬೇಗ ಬೆಚ್ಚಿ ಬೀಳುವವರಲ್ಲ. ಕೊಂಡು ತರಿಸಿದ ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ, ಸಾಲಿ ಬಿಟ್ಟರೂ ನಿನಗೆ ಸ್ಕೂಲ್ ಬಸ್ಸು ಬೇಕಾಯಿತಲ್ಲ ಎಂದರು. ಅಕ್ಕನಿಗೆ ಫೋನು ಮಾಡಿ ಹೇಳಿದೆ. ಅವಳು, ಡ್ರೈವರ್ ಇದ್ದರೆ ಹತ್ತುವುದಿಲ್ಲ ಎಂದಳು. ಗುರುತಿಲ್ಲದ ಗಂಡಸು ಮುಂದೆ ಕುಳಿತಿದ್ದರೆ ಹಿಂದೆ ಚಿಲಕವಿದ್ದೂ ಉಪಯೋಗವಿಲ್ಲವಂತೆ. ಮಗ ಓಡಿಸಲಿ ಎಂದೆ, ಮಗನೂ ಬೇಡ ಎಂದಳು. ಹಾಗಾದರೆ ನಾನೇ ಬರುತ್ತೇನೆ, ರೆಡಿಯಾಗಿರು ಎಂದು ಫೋನಿಟ್ಟೆ. ಆವರೆಗೆ ನಾನು ಓಡಿಸಿದ್ದು ಸ್ಕೂಟಿ, ಮತ್ತು ಮನೆಯ ಸಣ್ಣ ಕಾರು.

ರಾಣೆಬೆನ್ನೂರಿನಲ್ಲಿ ಹೆದ್ದಾರಿಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡಿರುವ ಒಬ್ಬ ಮಿಸ್ತ್ರಿಯಿದ್ದಾರೆ. ಲಾರಿಗಳ ಇಂಜಿನ್ ಬಿಚ್ಚಿಯೇ ತಲೆ ಬೆಳ್ಳಗಾದವರು. ರಿಪೇರಿ ಮಾಡಿಕೊಡಿ ಎನ್ನದೆ, ರಿಪೇರಿ ಕಲಿಸಿಕೊಡಿ ಎಂದು ಅವರ ಮುಂದೆ ಹೋಗಿ ನಿಂತೆ. ಅವರು ನನ್ನ ಮುಖ, ನನ್ನ ಸೀರೆ, ನನ್ನ ಕೈಯಲ್ಲಿದ್ದ ಹೊಸ ನೋಟ್‌ಬುಕ್ಕು ಮೂರನ್ನೂ ನೋಡಿದರು.

"ಅಕ್ಕೋರ, ಗಾಡಿ ಕೆಟ್ಟ ನಿಂತಾಗ ವಹಿ ತಗದ ಓದ್ಕೊಂತ ಕುಂದ್ರತೀರೇನ?" ಎಂದರು. "ಅದನ್ನ ಮನ್ಯಾಗಿಡ್ರಿ. ಕೈಗೆ ಕಲಸ್ರಿ, ಕೈ ಮರಿಯಂಗಿಲ್ಲ."

ಶಾಲೆಯಲ್ಲಿ ನೋಟ್ಸು ಬರೆದುಕೊಳ್ಳದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ನೋಟ್‌ಬುಕ್ಕನ್ನು ಚೀಲದೊಳಗೆ ತುರುಕಿದೆ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಪಾಠ. ಅವರು ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುವರು, ನಟ್ಟು ತಿರುಗಿಸುವ ಪಾನಾ ಹಿಡಿಯುವವಳು ನಾನು. ಎಷ್ಟು ಬೇಡಿಕೊಂಡರೂ ಅವರು ಒಂದು ನಟ್ಟನ್ನೂ ತಾವಾಗಿ ತಿರುಗಿಸಿ ಕೊಡುತ್ತಿರಲಿಲ್ಲ. ಬಲಗಡೆಗೆ ತಿರುಗಿಸಿದರೆ ಬಿಗಿಯುತ್ತದೆ ಎಂಬುದನ್ನು ನನಗೆ ಗೊತ್ತಿದ್ದೂ ನಾಲ್ಕು ಸಲ ಹೇಳಿಸಿಕೊಂಡಿದ್ದೇನೆ.

ಮೊದಲ ಪಾಠ ತಾಳ್ಮೆಯದು. ಹಳೆಯ ಡೀಸೆಲ್ ಗಾಡಿಯ ಕೀಲಿ ತಿರುಗಿಸಿದ ಕೂಡಲೇ ಚಾಲೂ ಮಾಡಬಾರದು. ಮುಂದೆ ಒಂದು ಹಳದಿ ದೀಪ ಹತ್ತುತ್ತದೆ, ಒಳಗೆ ಹೀಟರ್ ಬಿಸಿಯಾಗುತ್ತಿದೆ ಎಂದರ್ಥ. ದೀಪ ಆರಿದ ಮೇಲೆಯೇ ಇನ್ನೊಂದು ಸುತ್ತು ತಿರುಗಿಸಬೇಕು. ನಾನು ಪ್ರತಿ ಸಲವೂ ಅವಸರ ಮಾಡುತ್ತಿದ್ದೆ, ಇಂಜಿನ್ ಬಿಳಿ ಹೊಗೆ ಉಗುಳಿ ಕೆಮ್ಮುತ್ತಿತ್ತು. ಮಿಸ್ತ್ರಿಯವರು ಇನ್ನೊಂದು ಸಲ ಎಂದು ಬೆರಳು ಎತ್ತುತ್ತಿದ್ದರು. ಎರಡನೆಯ ಪಾಠ ಡೀಸೆಲ್ ಫಿಲ್ಟರಿನದು. ಅದರ ಬುಡದ ತಿರುಪನ್ನು ಸಡಿಲಿಸಿ, ಕೆಳಗೆ ಡಬ್ಬಿ ಹಿಡಿದು, ಸೇರಿಕೊಂಡ ನೀರನ್ನು ಇಳಿಸಬೇಕು. ನೀರು ಭಾರ, ಎಣ್ಣೆ ಹಗುರ, ಆದ್ದರಿಂದ ಮೊದಲು ನೀರೇ ಬರುತ್ತದೆ. ಇದನ್ನು ಎಂಟನೆಯ ತರಗತಿಗೆ ನಾನು ಎಷ್ಟು ವರ್ಷ ಹೇಳಿಕೊಟ್ಟಿಲ್ಲ! ಆದರೆ ನನ್ನ ಬೆರಳ ಮೇಲೆ ಮೊದಲು ನೀರು ಬಂದು ಆಮೇಲೆ ಡೀಸೆಲ್ ಬಂದಾಗ, ಅದನ್ನು ಮೊದಲ ಸಲ ಕಂಡುಹಿಡಿದವಳು ನಾನೇ ಎನ್ನುವಷ್ಟು ಖುಷಿಯಾಯಿತು. ಆವತ್ತು ಕೈಯ ವಾಸನೆ ಹೋಗಲೆಂದು ಕಡಲೆಹಿಟ್ಟು ಹಚ್ಚಿ ಮೂರು ಸಲ ತೊಳೆದೆ. ಹೋಗಲಿಲ್ಲ. ನಮ್ಮ ಮನೆಯವರು ರೊಟ್ಟಿ ಮುರಿಯುತ್ತಾ, ಇಂದು ಪಲ್ಲೆಗೆ ಯಾವ ಎಣ್ಣೆ ಹಾಕಿದ್ದೀ ಎಂದು ಕೇಳಿದರು.

ಓಡಿಸುವುದು ಅಷ್ಟು ಕಷ್ಟವೆನಿಸಲಿಲ್ಲ. ಮುಂದಿನ ಭಾಗ ತಿರುವನ್ನು ದಾಟಿದರೂ ಹಿಂಭಾಗ ಇನ್ನೂ ಹಿಂದಿನ ಬೀದಿಯಲ್ಲೇ ಇರುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು. ಅದನ್ನು ನಾನು ಎರಡು ಸಲ ಮರೆತೆ. ಒಂದು ಸಲ ಎದುರುಮನೆಯ ತಗಡಿನ ಚಪ್ಪರಕ್ಕೆ ತಾಗಿಸಿದೆ, ಇನ್ನೊಂದು ಸಲ ನಮ್ಮದೇ ಗೇಟಿಗೆ. ಗಾಡಿಯ ಎತ್ತರವನ್ನು ಟೇಪು ಹಿಡಿದು ಅಳೆದು, ಚೀಟಿಯಲ್ಲಿ ಬರೆದು ಸ್ಟಿಯರಿಂಗಿನ ಪಕ್ಕ ಅಂಟಿಸಿಕೊಂಡೆ. ರೈಲು ಹಳಿಯ ಕೆಳಗಿನ ದಾರಿ ಎದುರಾದಾಗಲೆಲ್ಲ ಅದನ್ನು ಓದಿ ಮುಂದೆ ಹೋಗುತ್ತಿದ್ದೆ.

ಅಭ್ಯಾಸಕ್ಕೆಂದು ಒಂದು ದಿನ ಒಬ್ಬಳೇ ರಾಣೆಬೆನ್ನೂರಿನಿಂದ ಕುಮಾರಪಟ್ಟಣದ ಹೊಳೆಯವರೆಗೆ ಹೋಗಿ ಬರುತ್ತಿದ್ದೆ. ಗೋವಿನಜೋಳದ ಹೊಲಗಳ ನಡುವೆ ಇಂಜಿನ್ ಎರಡು ಸಲ ಮುಗ್ಗರಿಸಿ ನಿಂತುಹೋಯಿತು. ಡೀಸೆಲ್ ಮುಳ್ಳು ಕಾಲು ಟ್ಯಾಂಕು ತೋರಿಸುತ್ತಿತ್ತು. ಆ ಮುಳ್ಳನ್ನು ನಂಬಬೇಡಿ, ಕಿಲೋಮೀಟರು ಲೆಕ್ಕ ಹಿಡಿಯಿರಿ ಎಂದು ಮಿಸ್ತ್ರಿಯವರು ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಹಿಂದೆ ಇಟ್ಟಿದ್ದ ಕ್ಯಾನಿನಿಂದ ಡೀಸೆಲ್ ಸುರಿದೆ. ಆದರೂ ಇಂಜಿನ್ ಹತ್ತಲಿಲ್ಲ, ಏಕೆಂದರೆ ಟ್ಯಾಂಕು ಬರಿದಾದಾಗ ಪೈಪಿನೊಳಗೆ ಗಾಳಿ ಸೇರಿರುತ್ತದೆ. ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಪಕ್ಕದ ಕರಿ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದೆ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಲಾರಿಯವನೊಬ್ಬ ನಿಲ್ಲಿಸಿ, ಸರಿಯಿರಿ ನಾನು ನೋಡುತ್ತೇನೆ ಎಂದ. ಬೇಡಪ್ಪ, ನನ್ನ ಗಾಡಿ ನನಗೆ ಗೊತ್ತು ಎಂದು ಕಳಿಸಿಬಿಟ್ಟೆ. ಗಾಡಿ ಚಾಲೂ ಆದಾಗ ಸುತ್ತ ಒಬ್ಬರೂ ಇರಲಿಲ್ಲವಲ್ಲ ಎಂಬುದೊಂದೇ ನನಗೆ ಬೇಸರ.

ಕೊನೆಗೆ ಮಿಸ್ತ್ರಿಯವರು ಪರೀಕ್ಷೆ ಇಟ್ಟರು. ನನ್ನನ್ನು ಚಹಾ ತರಲು ಕಳಿಸಿ ಏನನ್ನೋ ಕೆಡಿಸಿಟ್ಟು, ಹುಡುಕಿರಿ ಎಂದರು. ಮುಕ್ಕಾಲು ತಾಸು ಹಿಡಿಯಿತು. ಪಂಪಿಗೆ ಹೋಗುವ ಒಂದು ತಂತಿಯನ್ನು ಕಳಚಿ, ಕಾಣದ ಹಾಗೆ ಪೈಪಿನ ಹಿಂದೆ ಸಿಕ್ಕಿಸಿದ್ದರು. ಸಿಕ್ಕಿತು ಎಂದು ಎತ್ತಿ ತೋರಿಸಿದಾಗ ಅವರು ಗಡಿಯಾರ ನೋಡಿ, ಪಾಸಾದಿರಿ, ಆದರೆ ಮೂವತ್ತೈದು ಮಾರ್ಕು ಎಂದರು. ಅಷ್ಟು ಕಡಿಮೆ ನನಗೆ ಜೀವನದಲ್ಲೇ ಬಂದಿರಲಿಲ್ಲ.

ಇನ್ನು ಉಳಿದದ್ದು ಗಾಡಿಯ ಮನೆಯ ಭಾಗ. ಅಕ್ಕನಿಗೆ ಮುಖ್ಯವಾದದ್ದು ಅದೇ. ಅದಕ್ಕೆ ಇಂಜಿನ್ನಿನದಲ್ಲದ ಬೇರೆಯೇ ಬ್ಯಾಟರಿ. ಡ್ರೈವರ್ ಸೀಟಿನ ಬೆನ್ನಿಗೇ, ಮಂಚದ ಪಕ್ಕದಲ್ಲಿರುವ ಕೆಂಪು ಸ್ವಿಚ್ಚು ಹಾಕಿದರೆ ದೀಪ, ಫ್ಯಾನು, ನೀರಿನ ಪಂಪು ಎಲ್ಲಕ್ಕೂ ಜೀವ. ನಲ್ಲಿ ತಿರುಗಿಸಿದರೆ ಪಂಪು ಗುರ್ ಎನ್ನುತ್ತದೆ, ನಿಲ್ಲಿಸಿದರೆ ಸುಮ್ಮನಾಗುತ್ತದೆ. ನಮ್ಮ ಬೋರಿನ ಗಡಸು ನೀರಿಗೆ ನಲ್ಲಿಯ ಜಾಲರಿ ತಿಂಗಳಲ್ಲೇ ಬಿಳಿ ಕಟ್ಟಿತು. ಲಿಂಬೆರಸದಲ್ಲಿ ನೆನೆಸಿ ತೆಗೆದೆ. ಶೌಚದ ಪೆಟ್ಟಿಗೆಯನ್ನು ಹೊರಗೆಳೆದು, ಮನೆಯ ಪಾಯಖಾನೆಗೆ ಒಯ್ದು ಸುರಿದು ತೊಳೆಯುವುದನ್ನೂ ನಾನೇ ಮಾಡಿದೆ. ಆ ಕೆಲಸ ನೋಡಿ ನಮ್ಮ ಮನೆಯವರು ಅಂಗಡಿಗೆ ಅರ್ಧ ತಾಸು ಮುಂಚೆಯೇ ಹೊರಟುಹೋದರು. ಬಡಿಗನನ್ನು ಕರೆಸಿ, ಶೌಚದ ಕೋಣೆಯ ಕನ್ನಡಿಯನ್ನು ಹೊಟ್ಟೆಯ ಮಟ್ಟಕ್ಕೆ ಇಳಿಸಿ ಹೊಡೆಯಲು ಹೇಳಿದೆ. ಮುಖ ಕಾಣುವುದಿಲ್ಲವಲ್ಲ ಎಂದ. ಮುಖ ನೋಡಿಕೊಳ್ಳಲು ಅಲ್ಲಪ್ಪ ಎಂದೆ. ಅವನು ಹೇಳಿದಲ್ಲೇ ಹೊಡೆದು ಹೋದ.

ಎಲ್ಲವೂ ಸರಿಯಿದೆಯೇ ಎಂದು ನೋಡಲು ಒಂದು ಇಡೀ ದಿನ ಗಾಡಿಯೊಳಗೇ ಬದುಕಿದೆ. ಅಂಗಳದಲ್ಲಿ ನಿಲ್ಲಿಸಿಕೊಂಡು ಸ್ನಾನ, ಅಡಿಗೆ, ಊಟ, ಮಧ್ಯಾಹ್ನದ ನಿದ್ದೆ ಎಲ್ಲ ಅದರಲ್ಲೇ. ಸಂಜೆಯ ಹೊತ್ತಿಗೆ, ಟೀಚರು ಗಂಡನ ಜೊತೆ ಜಗಳವಾಡಿ ಬೇರೆ ಮನೆ ಮಾಡಿದ್ದಾರೆ ಎಂಬ ಸುದ್ದಿ ಓಣಿಯೆಲ್ಲ ಹಬ್ಬಿತ್ತು. ಸಮಾಧಾನ ಹೇಳಲು ಇಬ್ಬರು ಹೆಂಗಸರು ಬಂದರು. ಅವರಿಗೂ ಒಳಗೇ ಚಹಾ ಮಾಡಿ ಕೊಟ್ಟೆ.

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ನಾನು ಕೆಟ್ಟದ್ದು ನನ್ನ ಊರಿನ ಮೇಲಿನ ಅಭಿಮಾನದಿಂದ. ಗಾಡಿಯನ್ನು ನಿಲ್ಲಿಸುತ್ತಿದ್ದದ್ದು ನಮ್ಮ ಗೋದಾಮಿನ ಹಿಂದೆ. ಒಂದು ಬೆಳಿಗ್ಗೆ ಹಳದಿ ದೀಪ ಹತ್ತಲೇ ಇಲ್ಲ. ಬಾನೆಟ್ಟು ಎತ್ತಿದರೆ ಇಲಿ ತಂತಿ ಕಡಿದಿತ್ತು. ತಂತಿಯನ್ನು ನಾನೇ ಜೋಡಿಸಿ ಟೇಪು ಸುತ್ತಿದೆ. ಫೋನಿನಲ್ಲಿ ಮಿಸ್ತ್ರಿಯವರು, ನುಸಿಗುಳಿಗೆ ಇಡಿ, ದಿನ ಬಿಟ್ಟು ದಿನ ಗಾಡಿ ತೆಗೆಯಿರಿ ಎಂದರು. ನುಸಿಗುಳಿಗೆಯೇ? ಬ್ಯಾಡಗಿಯಲ್ಲಿ ಕುಳಿತು, ಮೆಣಸಿನಕಾಯಿಯ ಚೀಲಗಳ ನಡುವೆ ಸಂಸಾರ ಮಾಡಿ, ಒಂದು ಇಲಿಯನ್ನು ಓಡಿಸಲು ನಾನು ಅಂಗಡಿಯಿಂದ ಗುಳಿಗೆ ತರಬೇಕೇ? ಹಳೆಯ ಧೋತರ ಹರಿದು ಪುಟ್ಟ ಗಂಟುಗಳನ್ನು ಕಟ್ಟಿ, ಒಳಗೆ ನಮ್ಮ ಊರಿನ ಮೆಣಸಿನಕಾಯಿಯ ಪುಡಿ ತುಂಬಿ, ಬಾನೆಟ್ಟಿನ ಒಳಗೆ ಅಲ್ಲಲ್ಲಿ ಸಿಕ್ಕಿಸಿದೆ. ಮರುದಿನ ನೋಡಿದರೆ ಗಂಟಿನ ಪಕ್ಕದಲ್ಲೇ ಇಲಿಯ ಹಿಕ್ಕೆ. ನಮ್ಮ ಊರಿನ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಇಲಿಗೂ ಅದು ಗೊತ್ತಿದ್ದ ಹಾಗಿತ್ತು. ನನಗೆ ಅವಮಾನವಾಯಿತು. ಗೋದಾಮಿನ ಮೂಲೆಯಲ್ಲಿದ್ದ ಗುಂಟೂರಿನ ಖಾರದ ಕಾಯಿ ತೆಗೆಸಿ, ಬೀಜ ಸಮೇತ ನುಣ್ಣಗೆ ಪುಡಿ ಮಾಡಿಸಿ, ಹೊಸ ಗಂಟು ಕಟ್ಟಿದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಜಾಲರಿ ಹಾಕಿದ ಒಂದು ಸಂದಿತ್ತು. ಅಲ್ಲಿಯೂ ಹಿಕ್ಕೆ ಕಂಡದ್ದರಿಂದ ಎಲ್ಲಕ್ಕಿಂತ ದೊಡ್ಡ ಗಂಟನ್ನು ಅಲ್ಲಿ ತುರುಕಿದೆ. ಆ ಸಂದು ಯಾಕಿದೆ ಎಂದು ಕೇಳುವ ಬುದ್ಧಿ, ಮೂವತ್ತೈದು ಮಾರ್ಕು ತೆಗೆದುಕೊಂಡ ನನಗೆ ಬರಲಿಲ್ಲ. ಇಲಿ ಮಾತ್ರ ಮತ್ತೆ ಬರಲಿಲ್ಲ.

ಆಮೇಲಿನ ಸೋಮವಾರ ಹಾವೇರಿಗೆ ಹೋದೆ. ಅಕ್ಕನ ಮನೆಯ ಬಾಗಿಲಿಗೇ ಗಾಡಿ ತಂದು, ಒಂದೇ ಸಲಕ್ಕೆ ಗೋಡೆಗೆ ತಾಗಿಸದೆ ನಿಲ್ಲಿಸಿದೆ. ಅಕ್ಕ ಹೊರಗೆ ಬರಲು ಬಹಳ ಹೊತ್ತು ಮಾಡಿದಳು. ಮಗ ಕೈ ಹಿಡಿಯಲು ಹೋದರೆ ಬೇಡವೆಂದಳು. ಬದಲಿ ಚೀಲಗಳಿದ್ದ ಬ್ಯಾಗನ್ನು ಎದೆಗವಚಿಕೊಂಡು ಹತ್ತಿ, ಒಲೆ ನೋಡಲಿಲ್ಲ, ಮಂಚ ನೋಡಲಿಲ್ಲ, ನೇರ ಹಿಂದಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಪಂಪಿನ ಸದ್ದು ಒಂದು ಸಲ ಬಂತು, ನಿಂತಿತು. ನಾನು ಹೊರಗೆ, ಮೊದಲ ಸಲ ಇನ್‌ಸ್ಪೆಕ್ಟರು ತರಗತಿಗೆ ಬಂದಾಗಿನ ಹಾಗೆ ನಿಂತಿದ್ದೆ. ಅಕ್ಕ ಬಂದು ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತು, ಕನ್ನಡಿ ಯಾರು ಹೊಡೆದರು ಎಂದು ಕೇಳಿದಳು. ಬಡಿಗ ಎಂದೆ. ಹೂಂ ಎಂದಳು.

ತಂಪು ಹೊತ್ತು, ಕಿಟಕಿ ತೆರೆದೇ ಇದ್ದವು. ಅಕ್ಕ ಎರಡು ವರ್ಷದಿಂದ ಕಾಣದ ರಸ್ತೆಯನ್ನು ನೋಡುತ್ತ, ಅಲ್ಲಿದ್ದ ಬೇವಿನ ಮರ ಕಡಿದರಾ, ಈ ಕಲ್ಯಾಣ ಮಂಟಪ ಯಾವಾಗ ಬಂತು ಎಂದು ಕೇಳುತ್ತಿದ್ದಳು. ಒಂದು ಕೈ ಮಾತ್ರ ಸೆರಗಿನ ಒಳಗೆ ಹೊಟ್ಟೆಯ ಮೇಲೇ ಇತ್ತು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ರಸ್ತೆಗೆ ತಿರುಗಿದಾಗ ಮುಂದೆ ಮಣ್ಣು ತುಂಬಿದ ಟಿಪ್ಪರು ಸಿಕ್ಕಿತು. ಧೂಳೋ ಧೂಳು. ಕಿಟಕಿಗಳನ್ನು ಏರಿಸಿ, ಅಕ್ಕನಿಗೆ ಸೆಕೆಯಾಗಬಾರದೆಂದು ಗಾಳಿಯ ಬ್ಲೋಯರನ್ನು ಪೂರ್ತಿ ಜೋರಿಗೆ ತಿರುಗಿಸಿದೆ. ಹೊರಗಿನ ಗಾಳಿ ಒಳಗೆ ಬರುವುದು ವೈಪರಿನ ಕೆಳಗಿನ ಆ ಜಾಲರಿಯಿಂದ ಎಂಬುದನ್ನು ನಾನು ಕಲಿತದ್ದು ಆ ಕ್ಷಣದಲ್ಲಿ.

ಮೊದಲು ಸೀನು ಬಂತು. ಮರುಕ್ಷಣ ಕಣ್ಣು ಬಿಡಲಾಗಲಿಲ್ಲ, ಗಂಟಲಿಗೆ ಬೆಂಕಿ ಬಿದ್ದ ಹಾಗಾಯಿತು. ಗುಂಟೂರಿನ ಇಡೀ ಗಂಟು ನಮ್ಮ ಮುಖದ ಮೇಲೆ ಬಂದಿತ್ತು. ಹೇಗೋ ಗಾಡಿಯನ್ನು ಬದಿಗೆ ಎಳೆದು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಪ್ರಯೋಗಶಾಲೆಯ ಅಭ್ಯಾಸದಿಂದ ಕೈಗೆ ಸಿಕ್ಕ ಸ್ವಿಚ್ಚುಗಳನ್ನೆಲ್ಲ ಆರಿಸಿ, ಅಕ್ಕನನ್ನು ಇಳಿಸಿದೆ. ಅಕ್ಕ ರಸ್ತೆಯ ಬದಿಯಲ್ಲಿ ಸೊಂಟ ಬಗ್ಗಿಸಿ ಕೆಮ್ಮಿದಳು, ಕೆಮ್ಮಿದಳು, ಕೆಮ್ಮು ನಿಲ್ಲಲೇ ಇಲ್ಲ. ಹೊಟ್ಟೆಗೆ ಜೋರು ಬೀಳಬಾರದು ಎಂದು ಡಾಕ್ಟರು ಹೇಳಿದ್ದರು. ಕೆಮ್ಮು ತಗ್ಗಿದಾಗ ಅವಳು ಎರಡೂ ಕೈಗಳನ್ನು ಹೊಟ್ಟೆಗೆ ಒತ್ತಿ ಹಿಡಿದು ನನ್ನ ಕಡೆ ನೋಡಿದಳು.

"ಬಿಚ್ಚಿತು," ಎಂದಳು.

ಅವಳು ಎರಡು ವರ್ಷ ಯಾವುದಕ್ಕೆ ಹೆದರಿದ್ದಳೋ ಅದನ್ನು ನಾನೇ ನನ್ನ ಕೈಯಾರೆ ಗಂಟು ಕಟ್ಟಿ ತಂದಿದ್ದೆ. ಎದುರಿಗೆ ಚಹಾದ ಅಂಗಡಿ, ಅದರ ಬೆಂಚಿನ ಮೇಲೆ ಮೂರು ಜನ ನಮ್ಮ ಕಡೆಗೇ ನೋಡುತ್ತಿದ್ದರು. ಅಳುವುದಕ್ಕೆ ಪುರಸೊತ್ತಿರಲಿಲ್ಲ. ಹಿಂದಿನ ಬಾಗಿಲು, ಎಲ್ಲ ಕಿಟಕಿ ತೆರೆದೆ. ಶೌಚದ ಕೋಣೆಯ ಬಾಗಿಲು ಮೊದಲಿನಿಂದ ಮುಚ್ಚೇ ಇದ್ದದ್ದರಿಂದ ಖಾರ ಅದರೊಳಗೆ ಹೋಗಿರಲಿಲ್ಲ. ಅಕ್ಕ ಬಾಟಲಿಯ ನೀರಿನಿಂದ ಸೆರಗು ನೆನೆಸಿ ಮೂಗಿಗೆ ಸುತ್ತಿಕೊಂಡು, ಹಿಂದಿನಿಂದ ಹತ್ತಿ, ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಒಂದು ನಿಮಿಷಕ್ಕೆ ಒಳಗಿನಿಂದ, ನೀರು ಬರವಲ್ದು ಎಂದು ಕೂಗಿದಳು.

ಕೆಲವು ತಿಂಗಳ ಹಿಂದಾಗಿದ್ದರೆ ನಾನು ಯಾರಿಗಾದರೂ ಫೋನು ಮಾಡುತ್ತಿದ್ದೆ. ಈಗ ನನಗೆ ಗೊತ್ತಿತ್ತು. ಗಾಬರಿಯಲ್ಲಿ ಆರಿಸಿದ ಸ್ವಿಚ್ಚುಗಳಲ್ಲಿ ಮಂಚದ ಪಕ್ಕದ ಕೆಂಪು ಸ್ವಿಚ್ಚೂ ಸೇರಿತ್ತು. ಅದನ್ನು ಹಾಕಿದೆ. ಮೇಲಿನ ಫ್ಯಾನು ತಿರುಗಿತು, ಪಂಪು ಗುರ್ ಎಂದಿತು. ನಿಂತಿತು. ಮತ್ತೆ ಗುರ್ ಎಂದಿತು. ಆ ಸದ್ದಿನಷ್ಟು ಹಿತವಾದದ್ದನ್ನು ನಾನು ಕೇಳಿಲ್ಲ.

ಹಿಂದಿನ ಮೆಟ್ಟಿಲ ಮೇಲೆ ಅಡ್ಡಲಾಗಿ ಕುಳಿತೆ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಬಂದು, ಯಾರಿಗೆ ಏನಾಗಿದೆ ಎಂದು ಒಳಗೆ ಇಣುಕಲು ನೋಡಿದರು. ಹತ್ತನೆಯ ತರಗತಿಯ ಹಿಂದಿನ ಬೆಂಚಿಗೆ ಇಟ್ಟುಕೊಂಡಿದ್ದ ಕಣ್ಣಿನಿಂದ ಅವರನ್ನು ನೋಡಿ, ಇಲ್ಲಿ ಬೇಡ, ಉಪಕಾರ ಮಾಡುವುದಾದರೆ ಮುಂದಿನ ಗಾಜಿನ ಕೆಳಗಿರುವ ಗಂಟನ್ನು ಎಳೆದು ದೂರ ಎಸೆಯಿರಿ ಎಂದೆ. ಅವರು ಎಳೆದರು, ಏನಿದು ಎಂದು ಮೂಸಿ ನೋಡಿದರು, ಆಮೇಲೆ ಐದು ನಿಮಿಷ ಮಾತಾಡಲಿಲ್ಲ. ಚಹಾದ ಅಂಗಡಿಯಾಕೆ ಒಂದು ತಂಬಿಗೆ ಮಜ್ಜಿಗೆ ತಂದು ನನ್ನ ಪಕ್ಕದಲ್ಲಿಟ್ಟು, ಅಲ್ಲೇ ನಿಂತಳು. ಪಂಪು ಒಂದಷ್ಟು ಹೊತ್ತು ಸುಮ್ಮನಿತ್ತು, ಮತ್ತೆ ಓಡಿತು. ನಾನು ಒಂದೊಂದನ್ನೂ ಎಣಿಸುತ್ತಿದ್ದೆ.

ಕಾಲು ತಾಸಿಗೆ ಚಿಲಕ ತೆಗೆದ ಸದ್ದು ಕೇಳಿತು. ಅಕ್ಕ ಬ್ಯಾಗಿನಲ್ಲಿ ತಂದಿದ್ದ ಬೇರೆ ಸೀರೆ ಉಟ್ಟಿದ್ದಳು, ಕಣ್ಣು ಕೆಂಪಗಿತ್ತು, ಮುಖ ತೊಳೆದುಕೊಂಡಿದ್ದಳು. ಮಜ್ಜಿಗೆ ಇಸಿದುಕೊಂಡು ನಿಂತೇ ಕುಡಿದು, ತಾನಾಗಿಯೇ ಮುಂದೆ ಹೋಗಿ ಕುಳಿತಳು. ನಾನು ಅವಳ ಮುಖ ನೋಡಲಾರದೆ, ಒರೆಸಬೇಕಾದಲ್ಲೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ, ಇಂಜಿನ್ ಚಾಲೂ ಮಾಡಿದೆ. ಇವಳು ಇನ್ನು ಜನ್ಮದಲ್ಲಿ ಹೊರಗೆ ಬರುವುದಿಲ್ಲ, ಅದಕ್ಕೆ ಕಾರಣ ನಾನು ಎಂದುಕೊಂಡು, ಹಾವೇರಿಯ ಕಡೆಗೆ ತಿರುಗಿಸಲು ರಿವರ್ಸ್ ಗೇರು ಹಾಕಿದೆ.

"ಯಾಕ ಹೊಳ್ಳಸಾಕತ್ತಿ? ಬ್ಯಾಡಗಿ ಆ ಕಡೆ ಐತಿ," ಎಂದಳು ಅಕ್ಕ.

ಮನೆಗೆ ಬಿಟ್ಟು ಬರುತ್ತೇನೆ, ನನ್ನದು ತಪ್ಪಾಯಿತು ಎಂದೆ.

"ಇದು ಆಗಬಾರದು ಅಂತ ಎರಡ ವರ್ಷ ಕ್ವಾಣ್ಯಾಗ ಕುಂತೆ. ಆತಲ್ಲ ಈಗ. ಆದ್ರ ಏನಾತು? ತೊಳಕೊಂಡೆ, ಸೀರಿ ಉಟಗೊಂಡೆ, ಬಂದೆ. ಕಾಲ ತಾಸು ಹಿಡೀತು." ಬಾಯಿ ಒರೆಸಿಕೊಂಡು, "ನಂಗ ಹಸಿವಿ ಆಗೇತಿ, ನಡಿ," ಎಂದಳು.

ನಾನು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತುಬಿಟ್ಟೆ. ಅಮ್ಮ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ. ಅಕ್ಕ ಬೆನ್ನ ಮೇಲೆ ಒಂದು ಕೈ ಇಟ್ಟಳು. ಮಜ್ಜಿಗೆಯ ತಂಬಿಗೆ ಒಯ್ಯಲು ಬಂದ ಅಂಗಡಿಯಾಕೆ ಕಿಟಕಿಯ ಹತ್ತಿರ ನಿಂತು, ಇವರಿಗೆ ಏನಾಯಿತು ಎಂದು ಕೇಳಿದಳು. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಸ್ಸಿನಲ್ಲಿ ಪಕ್ಕದವಳ ಜೊತೆ ಮಾತಾಡುತ್ತಿದ್ದ ಹಿಂದಿನ ದನಿಯಲ್ಲೇ ಹೇಳಿದಳು:

"ನಮ್ಮ ತಂಗಿರಿ. ಈಗಿನ್ನೂ ಗಾಡಿ ಕಲ್ಯಾಕತ್ತಾಳ."